ಪಿಂಚಣಿಯ ಗದ್ದಲದಲ್ಲಿ ಮರೆತುಹೋದ ನಮೂನೆ 1

ಮಾನ್ಯ ಸಂಪಾದಕರೇ,

ನೌಕರರ ವಂತಿಗೆಯಿಲ್ಲದೆ ಸರ್ಕಾರವೇ ಕೊಡುವ ಹಳೇ ಪಿಂಚಣಿ, ನೌಕರರ ಮತ್ತು ಸರ್ಕಾರದ ವಂತಿಗೆ ಕೂಡಿಡುವ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ), ಅದರೊಳಗೇ ಖಚಿತ ಮಾಸಿಕ ಮೊತ್ತದ ಆಯ್ಕೆಯಾದ ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ): ಅಂಚೆ ನೌಕರರ ಸಂಘಗಳ ಸಭೆಗಳಲ್ಲಿ ಮಾತು ಶುರುವಾಗುವುದೂ ಮುಗಿಯುವುದೂ ಈ ಮೂರರಲ್ಲೇ. ಹಳೇ ಪಿಂಚಣಿಯ ಬೇಡಿಕೆ ನ್ಯಾಯವಾದದ್ದು, ಅದನ್ನು ಕೈಬಿಡಿ ಎಂದು ನಾವು ಹೇಳುತ್ತಿಲ್ಲ. ಆದರೆ ಇವತ್ತಿನ ನಿಯಮಗಳಲ್ಲೇ ಸಿಗಬೇಕಾದ ಹಣ ಒಂದು ಹಾಳೆ ತುಂಬಿಕೊಡದ ಕಾರಣಕ್ಕೆ ಕೈತಪ್ಪುವಂತಿದ್ದರೆ, ಅದಕ್ಕೆ ಸರ್ಕಾರವನ್ನು ಮಾತ್ರ ದೂರಿ ಪ್ರಯೋಜನವಿಲ್ಲ.

ಆ ಹಾಳೆಯ ಹೆಸರು ನಮೂನೆ 1. 2004ರ ಜನವರಿ 1ರಿಂದ ಈಚೆಗೆ ಕೇಂದ್ರ ಸರ್ಕಾರಿ ಸೇವೆಗೆ ಸೇರಿದವರು ಎನ್‌ಪಿಎಸ್ ವ್ಯಾಪ್ತಿಗೆ ಬರುತ್ತಾರೆ. ಸೇವೆಯಲ್ಲಿರುವಾಗಲೇ ಸಾವು ಬಂದರೆ ಅಥವಾ ಅಶಕ್ತತೆಯಿಂದ ಕೆಲಸ ಬಿಡಬೇಕಾಗಿ ಬಂದರೆ ಎನ್‌ಪಿಎಸ್ ಹಣ ಬೇಕೋ, ಹಳೆಯ ನಿಯಮದ ಪಿಂಚಣಿ ಬೇಕೋ ಎಂದು ನೌಕರರೇ ಮುಂಚಿತವಾಗಿ ಬರೆದುಕೊಡಲು 2021ರ ಎನ್‌ಪಿಎಸ್ ಅನುಷ್ಠಾನ ನಿಯಮಗಳು ಅವಕಾಶ ಕೊಟ್ಟಿವೆ. ಬರೆದುಕೊಡದಿದ್ದರೆ? ಸೇವೆಯ ಮೊದಲ 15 ವರ್ಷ ಹಳೆಯ ನಿಯಮದ ಸೌಲಭ್ಯವೇ ತಾನಾಗಿ ಅನ್ವಯಿಸುತ್ತದೆ. 15 ವರ್ಷ ದಾಟಿದ ಮೇಲೆ ಲೆಕ್ಕ ತಿರುವುಮುರುವು, ತಾನಾಗಿ ಅನ್ವಯಿಸುವುದು ಎನ್‌ಪಿಎಸ್. 2010ಕ್ಕಿಂತ ಮೊದಲು ಸೇರಿದ ಪೋಸ್ಟ್‌ಮನ್, ಪೋಸ್ಟಲ್ ಅಸಿಸ್ಟೆಂಟ್‌ಗಳೆಲ್ಲ ಈ ಗಡಿ ದಾಟಿಯಾಗಿದೆ.

ವ್ಯತ್ಯಾಸ ಎಷ್ಟೆಂದು ನೋಡಿ. ಮೂಲವೇತನ 40,000 ರೂಪಾಯಿ ಇದ್ದ ನೌಕರರು ತೀರಿಕೊಂಡರು ಎಂದುಕೊಳ್ಳೋಣ. ಹಳೆಯ ನಿಯಮದಡಿ ಕುಟುಂಬಕ್ಕೆ ಮೊದಲ 10 ವರ್ಷ ಶೇ 50, ಅಂದರೆ ತಿಂಗಳಿಗೆ 20,000 ರೂಪಾಯಿ. ಆಮೇಲೆ ಶೇ 30ರಂತೆ 12,000 ರೂಪಾಯಿ. ಇದರ ಮೇಲೆ ತುಟ್ಟಿಪರಿಹಾರ ಬೇರೆ. ನೌಕರರ ಸ್ವಂತ ವಂತಿಗೆ ಮತ್ತು ಅದರ ಗಳಿಕೆಯೂ ಕುಟುಂಬಕ್ಕೆ ವಾಪಸು ಬರುತ್ತದೆ. ಸರ್ಕಾರದ ಪಾಲು ಸರ್ಕಾರಕ್ಕೆ ಹೋಗುತ್ತದೆ. ಎನ್‌ಪಿಎಸ್ ಆದರೆ, ಖಾತೆಯಲ್ಲಿ 20 ಲಕ್ಷ ಇದೆ ಎಂದಿಟ್ಟುಕೊಂಡರೂ ಅದರಲ್ಲಿ ಶೇ 80ನ್ನು, ಅಂದರೆ 16 ಲಕ್ಷವನ್ನು ವರ್ಷಾಶನಕ್ಕೆ (ತಿಂಗಳು ತಿಂಗಳು ಹಣ ಕೊಡುವ ವಿಮಾ ಕಂಪನಿಯ ಯೋಜನೆಗೆ) ಹಾಕಬೇಕು. ವರ್ಷಕ್ಕೆ ಶೇ 6ರಂತೆ ಲೆಕ್ಕ ಹಾಕಿದರೆ ತಿಂಗಳಿಗೆ 8,000 ರೂಪಾಯಿ. ಬೆಲೆ ಎಷ್ಟೇ ಏರಿದರೂ ಅದು ಅಷ್ಟೇ.

ನಮೂನೆ 1ರ ಜೊತೆ ಕುಟುಂಬದ ವಿವರದ ನಮೂನೆ 2ನ್ನೂ ಕಚೇರಿ ಮುಖ್ಯಸ್ಥರಿಗೆ ಕೊಟ್ಟು, ಸ್ವೀಕೃತಿ ಪಡೆದು, ಸರ್ವಿಸ್ ಬುಕ್ಕಿನಲ್ಲಿ ಸೇರಿದೆಯೇ ಎಂದು ಕಣ್ಣಾರೆ ನೋಡಬೇಕು. ನಿವೃತ್ತಿಯವರೆಗೆ ಎಷ್ಟು ಬಾರಿ ಬೇಕಾದರೂ ಆಯ್ಕೆ ಬದಲಿಸಬಹುದು. ಆದರೆ ನೌಕರರು ಬರೆದಿಟ್ಟದ್ದನ್ನು ಅವರ ನಂತರ ಕುಟುಂಬದವರು ಬದಲಿಸುವಂತಿಲ್ಲ.

ನಾಮನಿರ್ದೇಶನವೂ ಇಂಥದ್ದೇ ತಲೆನೋವು. ಪ್ರಾನ್ ಖಾತೆಗೆ (ಎನ್‌ಪಿಎಸ್‌ನಲ್ಲಿ ನೌಕರರಿಗೆ ಕೊಡುವ ಕಾಯಂ ಸಂಖ್ಯೆಯ ಖಾತೆ), ಗ್ರಾಚ್ಯುಟಿಗೆ, ಗುಂಪು ವಿಮೆಗೆ ಬೇರೆ ಬೇರೆ ನಾಮನಿರ್ದೇಶನ ಬೇಕು. ಒಂದು ಮಾಡಿದರೆ ಇನ್ನೊಂದಕ್ಕೆ ನಡೆಯದು. ಎನ್‌ಪಿಎಸ್‌ನಲ್ಲಿ ಮದುವೆಗೆ ಮೊದಲು ಮಾಡಿದ್ದು ಮದುವೆಯಾದ ಕೂಡಲೇ ರದ್ದಾಗುತ್ತದೆ. (ಗುಂಪು ವಿಮೆಯ ಮೊತ್ತ ಎಷ್ಟೆಂದೂ ತಿಳಿದಿರಲಿ: ಗ್ರೂಪ್ ಸಿ ನೌಕರರಿಂದ ತಿಂಗಳಿಗೆ 30 ರೂಪಾಯಿ ಕಡಿತ, ರಕ್ಷಣೆ 30,000 ರೂಪಾಯಿ. ಮನೆಯವರು ಅದನ್ನೇ ನಂಬಿ ಕೂರುವಂತಿಲ್ಲ.)

ಇನ್ನು ಪ್ರಾನ್ ಖಾತೆಯ ವಿವರಪಟ್ಟಿ. ನೌಕರರ ವಂತಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10, ಸರ್ಕಾರದ್ದು 2019ರ ಏಪ್ರಿಲ್‌ನಿಂದ ಶೇ 14. ಸಂಬಳದಲ್ಲಿ 5,000 ಕಡಿತವಾಗಿದ್ದರೆ ಸರ್ಕಾರದ ಸಾಲಿನಲ್ಲಿ 7,000 ಕಾಣಬೇಕು. ಯುಪಿಎಸ್ ಆರಿಸಿಕೊಂಡವರಿಗೆ ಇದೇ ಸಾಲಿನಲ್ಲಿ 5,000 ಮಾತ್ರ ಕಾಣುತ್ತದೆ. ಹಣ ಕಡಿಮೆಯಾಯಿತೆಂದು ಗಾಬರಿ ಬೇಡ. ಅಲ್ಲಿ ಸರ್ಕಾರದ ಶೇ 10 ಮಾತ್ರ ವೈಯಕ್ತಿಕ ಖಾತೆಗೆ, ಉಳಿದ ಶೇ 8.5 ಸಾಮೂಹಿಕ ನಿಧಿಗೆ ಹೋಗುತ್ತದೆ. ತಿಂಗಳುಗಳು ಬಿಟ್ಟುಹೋಗುವ ಸಂಭವ ಹೆಚ್ಚಿರುವುದು ಎರಡು ಕಡೆ: ಸೇವೆಗೆ ಸೇರಿ ಪ್ರಾನ್ ಸಂಖ್ಯೆ ಬರುವವರೆಗಿನ ಅವಧಿ ಮತ್ತು ವಿಭಾಗ ಬದಲಾಗುವ ವರ್ಗಾವಣೆಯ ಸಮಯ. ಸಂಬಳ ಚೀಟಿಗಳನ್ನು ಪಕ್ಕದಲ್ಲಿಟ್ಟು ತಿಂಗಳು ತಿಂಗಳು ತಾಳೆ ನೋಡಿ, ಬಿಟ್ಟದ್ದನ್ನು ಲಿಖಿತವಾಗಿ ಕೇಳಬೇಕು. ನೌಕರರ ತಪ್ಪಿಲ್ಲದೆ ತಡವಾಗಿದ್ದರೆ ಬಡ್ಡಿ ಕೊಡಬೇಕೆಂದು ಅದೇ 2021ರ ನಿಯಮಗಳು ಹೇಳುತ್ತವೆ.

ಯುಪಿಎಸ್‌ನಲ್ಲಿ ಈ ತಾಳೆ ಇನ್ನೂ ಮುಖ್ಯ. ವೈಯಕ್ತಿಕ ಖಾತೆಯ ಮೊತ್ತ, ಸರ್ಕಾರ ಲೆಕ್ಕಹಾಕುವ ಮಾನದಂಡದ ಮೊತ್ತಕ್ಕಿಂತ (ವಂತಿಗೆಗಳೆಲ್ಲ ತಪ್ಪದೆ ಬಂದಿದ್ದರೆ ಇರಬೇಕಾದ ಮೊತ್ತಕ್ಕಿಂತ) ಕಡಿಮೆಯಿದ್ದು ಅದನ್ನು ತುಂಬಿಕೊಡದಿದ್ದರೆ ಮಾಸಿಕ ಮೊತ್ತವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ನಿವೃತ್ತಿಯ ದಿನ ಶೇ 60ರವರೆಗೆ ಇಡಿಗಂಟು ತೆಗೆಯಬಹುದು ಎಂಬುದು ಕೇಳಲು ಚೆನ್ನ. ಪೂರ್ತಿ ಶೇ 60 ತೆಗೆದರೆ ತಿಂಗಳಿಗೆ 25,000 ಬರಬೇಕಾದ ಕಡೆ 10,000 ಬರುತ್ತದೆ.

‘ಕೊನೆಯ ಸಂಬಳದ ಅರ್ಧ ಖಚಿತ’ ಎಂದು ಯುಪಿಎಸ್ ಬಗ್ಗೆ ಹೇಳುವವರು 25 ವರ್ಷದ ಷರತ್ತನ್ನು ನುಂಗಿಬಿಡುತ್ತಾರೆ. ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಸಿಗುವುದು 25 ವರ್ಷ ಅರ್ಹ ಸೇವೆ ಪೂರೈಸಿದವರಿಗೆ. ಹಳ್ಳಿಯಲ್ಲಿ ವರ್ಷಗಟ್ಟಲೆ ಗ್ರಾಮೀಣ ಡಾಕ್ ಸೇವಕರಾಗಿ (ಇಲಾಖೆಯ ಕಾಯಂ ನೌಕರರಲ್ಲದ ಅಂಚೆ ಕೆಲಸಗಾರರಾಗಿ) ದುಡಿದು, ಇಲಾಖಾ ಪರೀಕ್ಷೆ ಬರೆದು 45ನೇ ವಯಸ್ಸಿಗೆ ಪೋಸ್ಟ್‌ಮನ್ ಆದವರ ಅರ್ಹ ಸೇವೆ ಬರೀ 15 ವರ್ಷ. ಸರಾಸರಿ 40,000 ಇದ್ದರೆ ಅರ್ಧ 20,000. ಅದರ ಇಪ್ಪತ್ತೈದರಲ್ಲಿ ಹದಿನೈದು ಪಾಲು, ಅಂದರೆ 12,000 ರೂಪಾಯಿ. 51ರ ವಯಸ್ಸಿನಲ್ಲಿ ಪೋಸ್ಟ್‌ಮನ್ ಆದವರಿಗೆ 10 ವರ್ಷವೂ ತುಂಬದ ಕಾರಣ ಖಚಿತ ಮೊತ್ತವೇ ಇಲ್ಲ. ಡಾಕ್ ಸೇವಕರಾಗಿದ್ದ ವರ್ಷಗಳನ್ನು ಪಿಂಚಣಿಗೆ ಸೇರಿಸಲಾಗದು ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ಹೇಳಿಬಿಟ್ಟಿರುವುದರಿಂದ ಇದಕ್ಕೆ ನ್ಯಾಯಾಲಯದ ದಾರಿ ಬಹುತೇಕ ಮುಚ್ಚಿದೆ. ನಿಯಮ ತಿದ್ದುಪಡಿಯೊಂದೇ ಉಳಿದಿದೆ, ಅದು ಸಂಘಗಳು ಹಿಡಿಯಬೇಕಾದ ಕೆಲಸ.

25 ವರ್ಷ ತುಂಬಿತೆಂದು ಸ್ವಯಂ ನಿವೃತ್ತಿ ಪಡೆಯುವವರೂ ಎಚ್ಚರದಿಂದಿರಬೇಕು. ಮಾಸಿಕ ಮೊತ್ತ ಶುರುವಾಗುವುದು ಸಹಜವಾಗಿ ನಿವೃತ್ತಿಯಾಗಬೇಕಿದ್ದ ದಿನದಿಂದ, ಕೆಲಸ ಬಿಟ್ಟ ದಿನದಿಂದಲ್ಲ. 52ಕ್ಕೆ ಬಿಟ್ಟರೆ ಎಂಟು ವರ್ಷ ತಿಂಗಳ ಹಣ ಏನೂ ಬಾರದು.

ಡಾಕ್ ಸೇವಕರಾಗಿಯೇ 65ಕ್ಕೆ ನಿವೃತ್ತರಾಗುವವರ ಸ್ಥಿತಿಯನ್ನು ಎರಡೇ ಸಾಲಿನಲ್ಲಿ ಹೇಳಬಹುದು: ಗ್ರಾಚ್ಯುಟಿ ಗರಿಷ್ಠ 1.5 ಲಕ್ಷ, ಜೊತೆಗೆ 2011ರಲ್ಲಿ ತಿಂಗಳಿಗೆ 200 ರೂಪಾಯಿ ವಂತಿಗೆಯಿಂದ ಶುರುವಾದ ಸೇವಾ ವಿಮುಕ್ತಿ ಯೋಜನೆಯ ಹಣ. ಇಲಾಖೆಯ ಕಾಯಂ ನೌಕರರಿಗೆ ಗ್ರಾಚ್ಯುಟಿ ಮಿತಿ 25 ಲಕ್ಷ.

ಪ್ರತಿ ವಿಭಾಗದ ಸಂಘದವರು ಸದಸ್ಯರ ಪಟ್ಟಿ ತೆಗೆದು, 15 ವರ್ಷ ದಾಟಿದವರಿಗೆ ಮತ್ತು ಈ ವರ್ಷ ದಾಟಲಿರುವವರಿಗೆ ಕೆಂಪು ಗುರುತು ಹಾಕಿ, ಅವರ ಸರ್ವಿಸ್ ಬುಕ್ಕಿನಲ್ಲಿ ನಮೂನೆ 1 ಇದೆಯೇ ಎಂದು ಪರಿಶೀಲಿಸಲಿ. ವಿಭಾಗೀಯ ಅಧೀಕ್ಷಕರು ಇದಕ್ಕೆಂದು ವರ್ಷಕ್ಕೊಂದು ದಿನ ಸರ್ವಿಸ್ ಬುಕ್ ನೋಡಲು ಕೊಡಲಿ. ಇದಕ್ಕೆ ದೆಹಲಿಯ ಆದೇಶ ಕಾಯಬೇಕಿಲ್ಲ.

ಇತಿ,
ಅಂಚೆ ನೌಕರರ ಸಂಘಟನೆಯ ಕೆಲವು ಕಾರ್ಯಕರ್ತರು