ಹೆಸರು ಬದಲಾಯಿತು, ಮಗ ಅವನೇ

ಮಾನ್ಯರೇ,

2011ರಲ್ಲಿ ಡಾಕ್ಟರು ನನ್ನ ಮಗನಿಗೆ ‘ಆಸ್ಪರ್ಜರ್’ (ಜನರೊಡನೆ ಬೆರೆಯಲು ಕಷ್ಟವಾಗುವ, ಆಟಿಸಂ ಬಗೆಯ ಸ್ಥಿತಿ) ಎಂದು ಬರೆದುಕೊಟ್ಟಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಆ ಹೆಸರನ್ನೇ ಕೈಬಿಟ್ಟು, ಆಟಿಸಂನ ಹಲವು ಬಗೆಗಳಿಗೆ ಒಂದೇ ಹೆಸರಾದ ‘ಆಟಿಸಂ ಸ್ಪೆಕ್ಟ್ರಮ್’ಗೆ ಸೇರಿಸಿತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಯ ಅಂಗವಿಕಲತೆಗಳ ಪಟ್ಟಿಯಲ್ಲೂ ಈ ಹೊಸ ಹೆಸರೇ ಇದೆ. ಅಂಗವಿಕಲರ ಗುರುತಿನ ಕಾರ್ಡು ‘ಯುಡಿಐಡಿ’ಗೆ ಹೋದರೆ ಅಲ್ಲಿನವರು ಹಳೆ ಚೀಟಿ ನೋಡಿ, ‘ಇದು ಪಟ್ಟಿಯಲ್ಲೇ ಇಲ್ವಲ್ರೀ’ ಎಂದರು. ಮೂರು ಸಲ ಸುಮ್ನೆ ಅಲೆದೆ.

ಹೊಸ ಹೆಸರು ಕೇಳಿ ಹೆಂಡತಿ ಅತ್ತಳು, ಕಾಯಿಲೆ ಜಾಸ್ತಿಯಾಯಿತೇನೋ ಎಂದು. ನಮ್ಮವ್ವನಿಗೆ ಎರಡೂ ಹೆಸರು ಬಾಯಿಗೆ ಬರುವುದಿಲ್ಲ. ಬೆಣ್ಣೆದೋಸೆ ಹೋಟೆಲಿನ ಗದ್ದಲಕ್ಕೆ ಮೊಮ್ಮಗ ಕಿವಿ ಮುಚ್ಚಿಕೊಂಡರೆ, ‘ಅವನಿಗೆ ಸದ್ದು ಆಗಲ್ಲ, ಪಾರ್ಸಲ್ ಕೊಡ್ರಪ್ಪ’ ಎನ್ನುತ್ತಾರೆ. ಹಳೆ ಚೀಟಿ ತಂದವರನ್ನು ವಾಪಸ್ ಅಟ್ಟದೆ, ಅಲ್ಲೇ ಮರುಪರೀಕ್ಷೆಗೆ ದಿನ ಕೊಡಬಹುದಲ್ವಾ?

– ಒಬ್ಬ ತಂದೆ, ದಾವಣಗೆರೆ