ಹಳೆ ಕೋಡ್ ಅಳಿಸುವ ಮುಂಚೆ ಒಮ್ಮೆ ಓದಿ

ಮಾನ್ಯರೇ,

ಹಳೆ ಸಾಫ್ಟ್‌ವೇರ್ ಬಿಸಾಕಿ, ಎಐ ಕೈಲಿ ಎರಡು ದಿನದಲ್ಲಿ ಹೊಸದು ಬರೆಸಿಬಿಡಿ ಅನ್ನುವ ಮಾತು ಈಗ ಎಲ್ಲ ಕಡೆ ಕೇಳುತ್ತಿದೆ. ನಾನು ಪುಣೆಯ ಹಿಂಜವಡಿಯಲ್ಲಿ ಪ್ರೋಗ್ರಾಮರ್. ಎಂಟು ತಿಂಗಳಿಂದ ನಮ್ಮ ತಂಡ ಅಂಥದ್ದೇ ಒಂದು ಹಳೆ ಟೂಲ್ ಅನ್ನು ಮತ್ತೆ ಬರೆಯುತ್ತಿದೆ. ಎರಡು ದಿನದ ಕೆಲಸ ಅಲ್ಲವೇ ಅಲ್ಲ.

ನಾಟಕದ ತಾಲೀಮಿಗೆ ಒಬ್ಬ ನಟ ಬಂದಿಲ್ಲ ಅಂದುಕೊಳ್ಳಿ. ಅವನ ಮಾತನ್ನು ಬೇರೆ ಯಾರೋ ಓದುತ್ತಾರೆ, ತಾಲೀಮು ನಡೆಯುತ್ತದೆ. ನಮ್ಮಲ್ಲಿ ಅದಕ್ಕೆ ಮಾಕ್ ಅನ್ನುತ್ತೇವೆ. ಪಾವತಿಯ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ದಾರಿ) ಇನ್ನೂ ತಯಾರಾಗದಿದ್ದರೂ ಮಾಕ್ ಅದರ ಹಾಗೇ ಉತ್ತರ ಕೊಡುತ್ತದೆ, ಉಳಿದವರ ಕೆಲಸ ನಿಲ್ಲುವುದಿಲ್ಲ. ಆದರೆ ಓದುವವರ ಕೈಯಲ್ಲಿ ಹಳೆ ಪ್ರತಿ, ನಟನ ಕೈಯಲ್ಲಿ ತಿದ್ದಿದ ಪ್ರತಿ ಇದ್ದರೆ ಪ್ರದರ್ಶನದ ದಿನವೇ ಎಡವಟ್ಟು, ಅಲ್ವಾ? ಇಬ್ಬರ ಪ್ರತಿಯೂ ಒಂದೇನಾ ಅಂತ ದಿನಾ ನೋಡುವುದೇ ಕಾಂಟ್ರ್ಯಾಕ್ಟ್ ಟೆಸ್ಟಿಂಗ್. ನಮ್ಮ ಟೂಲ್ ಎರಡನ್ನೂ ಮಾಡುತ್ತದೆ.

ಆ ಹಳೆ ಟೂಲ್ ಇದ್ದದ್ದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಹಳೆ ಆವೃತ್ತಿ, ಪೈಥಾನ್ 2ರಲ್ಲಿ. 2020ರ ಜನವರಿ 1ಕ್ಕೆ ಅದರ ಸಪೋರ್ಟ್ ನಿಂತಿದೆ. ಹಾಗಾಗಿ ಮತ್ತೆ ಬರೆಯಲೇಬೇಕಿತ್ತು, ಅದರಲ್ಲಿ ನನ್ನ ತಕರಾರಿಲ್ಲ. ಹಳೆ ಕೋಡ್‌ನಲ್ಲಿ ಒಂದು ಕಡೆ ನಾಲ್ಕು ಸಾಲು ಸುಮ್ನೆ ಕೂತಿದ್ದವು, ಯಾಕೆ ಅಂತ ಹೇಳುವ ಒಂದು ಟಿಪ್ಪಣಿ (ಕಾಮೆಂಟ್) ಕೂಡ ಮೇಲೆ ಇಲ್ಲ. ಕಸ ಅಂದುಕೊಂಡು ಹೊಸದರಲ್ಲಿ ನಾನೇ ಅವನ್ನು ಬಿಟ್ಟೆ. ಮುಂದಿನ ವಾರ ಒಬ್ಬ ಗ್ರಾಹಕರ ಟೆಸ್ಟ್‌ಗಳೆಲ್ಲ ಕೆಂಪು, ಅಂದರೆ ಫೇಲ್! ಕೂತು ನೋಡಿದಾಗ ತಿಳಿಯಿತು. ಎಪಿಐ ಕೊಡುವ ಉತ್ತರದಲ್ಲಿ ಒಂದು ಫೀಲ್ಡ್ (ಮಾಹಿತಿಯ ಒಂದು ಖಾನೆ) ಬಾರದೇ ಇರುವುದು ಬೇರೆ, ಬಂದು ಅದರಲ್ಲಿ ನಲ್ (ಬೆಲೆ ಏನೂ ಇಲ್ಲ ಅನ್ನುವ ಗುರುತು) ಇರುವುದು ಬೇರೆ. ಎಪಿಐ ಏನು ಕೇಳುತ್ತದೆ, ಏನು ಕೊಡುತ್ತದೆ ಅಂತ ಬರೆದಿಡುವ ಒಂದು ಪದ್ಧತಿ ಸ್ವಾಗರ್. 2014ರ ಸ್ವಾಗರ್ 2.0ರಲ್ಲಿ 'ಇಲ್ಲಿ ನಲ್ ಬರಬಹುದು' ಅಂತ ಬರೆಯಲು ಸರಿಯಾದ ದಾರಿಯೇ ಇರಲಿಲ್ಲ, ಜನ ಎಕ್ಸ್-ನಲ್ಲಬಲ್ ಅಂತ ತಮ್ಮದೇ ಗುರುತು ಹಾಕಿಕೊಳ್ಳುತ್ತಿದ್ದರು. ಆಮೇಲೆ ಅದರ ಹೆಸರು ಓಪನ್‌ಎಪಿಐ ಆಯಿತು. 2017ರ ಓಪನ್‌ಎಪಿಐ 3.0ರಲ್ಲಿ ಇದಕ್ಕೆಂದೇ ನಲ್ಲಬಲ್ ಅನ್ನುವ ಗುರುತು ಬಂತು, 2021ರ 3.1ರಲ್ಲಿ ಅದನ್ನೂ ತೆಗೆದು ನಲ್ ಅನ್ನೇ ಒಂದು ಟೈಪ್ ಮಾಡಿದರು. ಆ ಗ್ರಾಹಕರ ಫೈಲ್‌ಗಳು ಇನ್ನೂ 2.0ರಲ್ಲೇ ಇವೆ. ಆ ನಾಲ್ಕು ಸಾಲು ಹುಡುಕುತ್ತಿದ್ದುದು ಅದೇ ಹಳೆ ಗುರುತನ್ನು.

ಈಗ ಹಳೆಯದನ್ನೂ ಹೊಸದನ್ನೂ ಜೊತೆಗೇ ಓಡಿಸುತ್ತೇವೆ. ಒಂದೇ ರಿಕ್ವೆಸ್ಟ್ ಎರಡಕ್ಕೂ ಹೋಗುತ್ತದೆ. ಉತ್ತರ ಬೇರೆ ಬಂದ ಕಡೆ ಯಾರಾದರೊಬ್ಬರು ಕೂತು ಕಾರಣ ಹುಡುಕಿ ಬರೆದಿಡುತ್ತಾರೆ. ಎಂಟು ತಿಂಗಳು ಯಾಕೆ ಅಂತ ಕೇಳುವವರಿಗೆ ಇದೇ ಉತ್ತರ. ಕಾಂಟ್ರ್ಯಾಕ್ಟ್ ಟೆಸ್ಟಿಂಗ್ ಮಾಡುವ ಪ್ಯಾಕ್ಟ್ ಅನ್ನುವ ಟೂಲ್ ಕೂಡ 2013ರಲ್ಲಿ ರೂಬಿ ಭಾಷೆಯಲ್ಲಿ ಶುರುವಾಗಿ, ಆಮೇಲೆ ಅದರ ತಿರುಳು ರಸ್ಟ್ ಭಾಷೆಗೆ ಬಂತು. ಆದರೂ ಹಳೆ ಆವೃತ್ತಿಯ ಕಾಂಟ್ರ್ಯಾಕ್ಟ್ ಫೈಲ್‌ಗಳನ್ನು ಓದುವುದನ್ನು ಬಿಡಲಿಲ್ಲ.

ಬೆಳಗಾವಿ, ವಿಜಯಪುರ, ಹುಬ್ಬಳ್ಳಿಯಿಂದ ಇಲ್ಲಿಗೆ ಬರುವ ನಮ್ಮ ಹುಡುಗ ಹುಡುಗಿಯರಿಗೆ ಎಷ್ಟೋ ಸಲ ಮೊದಲು ಸಿಗುವುದೇ ಇಂಥ ಕೆಲಸ. ನಿಮ್ಮ ತಂತ್ರಜ್ಞಾನ ಪುಟದಲ್ಲಿ ಹೊಸ ಮೊಬೈಲ್‌ಗಳ ಸುದ್ದಿಯ ಜೊತೆಗೆ ಇದನ್ನೂ ಕನ್ನಡದಲ್ಲಿ ಬಿಡಿಸಿ ಬರೆಸಿ. ಬೇಕಾದರೆ ನಾನೇ ಬರೆದುಕೊಡುತ್ತೇನೆ.

– ಹಿಂಜವಡಿಯ ಒಬ್ಬ ಓದುಗ, ಪುಣೆ