ಪಥ್ಯ ಮಾಡಿಲ್ಲವೆಂದು ರೋಗಿಯನ್ನು ದೂರಬೇಡಿ

ಮಾನ್ಯರೇ,

ನಮ್ಮ ಮಾವನಿಗೆ ಹೆಪಟೈಟಿಸ್ ಸಿ ಎಂಬ ಲಿವರಿನ ವೈರಸ್ ಕಾಯಿಲೆ ಇತ್ತು. ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್, 48 ವಾರ. ಚುಚ್ಚಿಸಿಕೊಂಡ ರಾತ್ರಿ ಎರಡು ಕಂಬಳಿ ಹೊದಿಸಿದರೂ ನಡುಗುತ್ತಿದ್ದರು. ಆದರೂ ವೈರಸ್ ಹೋಗಲಿಲ್ಲ. ‘ಪಥ್ಯ ಸರಿಯಾಗಿ ಮಾಡಿಲ್ಲ’ ಅಂದರು ಜನ. ಆ ಮಾತಿಗೇ ಜಾಸ್ತಿ ನೊಂದರು.

2009ರಲ್ಲಿ ವಿಜ್ಞಾನಿಗಳು ಒಂದು ಕಾರಣ ಕಂಡುಕೊಂಡರು. 19ನೇ ಕ್ರೋಮೋಸೋಮಿನಲ್ಲಿ, ಐಎಲ್28ಬಿ ಎಂಬ ರೋಗನಿರೋಧಕ ಜೀನ್ ಹತ್ತಿರ, ಡಿಎನ್‌ಎಯ ಒಂದೇ ಅಕ್ಷರದ ವ್ಯತ್ಯಾಸ. ಅಲ್ಲಿ ತಂದೆಯಿಂದ ಬಂದದ್ದೂ ತಾಯಿಯಿಂದ ಬಂದದ್ದೂ ‘ಸಿ’ ಅಕ್ಷರವೇ ಆಗಿದ್ದವರಿಗೆ ಆ ಔಷಧಿ ಚೆನ್ನಾಗಿ ಹಿಡಿಯುತ್ತದೆ. ಅಂಥವರಲ್ಲಿ ಎಷ್ಟೋ ಜನರ ದೇಹ ಮದ್ದಿಲ್ಲದೆಯೇ ವೈರಸ್ಸನ್ನು ಓಡಿಸುತ್ತದೆ. ‘ಟಿ’ ಇದ್ದವರಿಗೆ ಕಷ್ಟ. ಹುಟ್ಟಿನಿಂದಲೇ ಬಂದದ್ದು, ರೋಗಿಯ ತಪ್ಪೇನಿದೆ?

ಈಗಿನ ಮಾತ್ರೆಗಳಿಗೆ ಜೀನ್ ಯಾವುದಾದರೂ ಆದೀತು. ಸಾಮಾನ್ಯವಾಗಿ 12 ವಾರ ಸಾಕು. 2018ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತ. ಇದನ್ನು ಪ್ರತಿ ಜಿಲ್ಲಾಸ್ಪತ್ರೆಯ ಬಾಗಿಲಲ್ಲಿ ದೊಡ್ಡದಾಗಿ ಬರೆದು ಹಾಕಲಿ.

– ಓದುಗರೊಬ್ಬರು, ತುಮಕೂರು